ಝೆರ್ಬೊನ ಹೆಣಕ್ಕೆ ಎಂಟು ಗಾಡಿ ಗೊಬ್ಬರ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಕೃಷಿ ಸಹಾಯಕ ಝೆರ್ಬೊ ತಲಾತೊಳ ಹೊಲದ ಗುಂಡಿಯಲ್ಲಿ ಸತ್ತ. ಸತ್ತ ಸುದ್ದಿಯನ್ನು ಗುಂಡಿಯೊಳಗಿನಿಂದ ಅವನೇ ಕೂಗಿ ಹೇಳಿದ.

ಹೊಲದಲ್ಲಿ ಅಂಥ ಗುಂಡಿಗಳು ನಲವತ್ತೆರಡಿದ್ದವು. ಬುರ್ಕಿನಾ ದೇಶದ ಉತ್ತರ ಭಾಗದ ನಮ್ಮ ಕಡೆ ನೆಲ ಕಾದು ಹಂಚಿನಂತಾಗಿ, ಬಿದ್ದ ಮಳೆ ಇಂಗದೆ ಹರಿದುಹೋಗುತ್ತದೆ. ಅದನ್ನು ಹಿಡಿದಿಡಲು ಅರ್ಧಚಂದ್ರದ ಆಕಾರದಲ್ಲಿ, ನಾಲ್ಕು ಮೀಟರ್ ಅಗಲ, ಗೇಣು ಆಳ ತೋಡಿ, ಗೊಬ್ಬರ ತುಂಬಿ ಜೋಳ ಬಿತ್ತುವುದನ್ನು ಝೆರ್ಬೊ ಕಲಿಸಿದ್ದ. ವಿಧವೆ ತಲಾತೊ ಊರಿನ ಹೆಂಗಸರ ಸಂಘದವರೊಡನೆ ಮೂರು ತಿಂಗಳು ತೋಡಿದ್ದಳು. ಗೊಬ್ಬರ ಮಾತ್ರ ಇರಲಿಲ್ಲ. ಹೋದ ವರ್ಷ ಜುಲೈಗೇ ಅವಳ ಕಣಜ ಬರಿದಾಗಿ, ನಾಲ್ಕು ಮಕ್ಕಳು ಸೊಪ್ಪು ಬೇಯಿಸಿ ತಿಂದಿದ್ದವು. ಮಳೆಗೆ ಇನ್ನೆರಡು ವಾರ.

ಗೊಬ್ಬರವಿದ್ದದ್ದು ಅವಳ ಭಾವ ನೊಆಗನ ದೊಡ್ಡಿಯಲ್ಲಿ. "ಅದು ಸತ್ತ ನೆಲ ಕಣಮ್ಮ. ಗೊಬ್ಬರ ಹಾಕಿದ್ರೆ ಎದ್ದು ಕೂರುತ್ತಾ?" ಎಂದು ಅವನು ಎರಡು ಸಲ ವಾಪಸು ಕಳಿಸಿದ್ದ.

ನಾವು ಮೊಸ್ಸಿಗಳು, ಝೆರ್ಬೊ ಸಾಮೋ. ನಮ್ಮೆರಡು ಕುಲಗಳಿಗೆ ತಾತಂದಿರ ಕಾಲದಿಂದ ಹಾಸ್ಯದ ನೆಂಟಸ್ತಿಕೆ. ಒಬ್ಬರು ಏನಂದರೂ ಇನ್ನೊಬ್ಬರು ಸಿಟ್ಟಾಗುವಂತಿಲ್ಲ. ನಮ್ಮಲ್ಲಿ ಸಾವಾದರೆ ನಾವು ತೋಡಿಟ್ಟ ಗೋರಿಗೆ ಸಾಮೋಗಳು ಇಳಿದು ಮಲಗುತ್ತಾರೆ, ಕೈಗೆ ಕಾಸೋ ಕಾಳೋ ಏನಾದರೂ ಬೀಳುವವರೆಗೆ ಏಳುವುದಿಲ್ಲ.

"ನೊಆಗಾ! ನಿನ್ನ ಧಣಿ ಸತ್ತೋದ. ಬಂದು ಮಣ್ಣು ಮಾಡೋ, ಗುಲಾಮ!" ಎಂದು ಝೆರ್ಬೊ ಗುಂಡಿಯಿಂದ ಕೂಗಿದ.

ನೊಆಗ ಗುದ್ದಲಿ ಹಿಡಿದು ಬಂದ. ಅವನ ಹಿಂದೆ ಅರ್ಧ ಊರು.

"ನಾಯಿ ತಲೆ ತಿನ್ನೋನೆ, ಧಣಿ ನಾನು. ಆದ್ರೂ ಹೂಳ್ತೀನಿ, ಆಗಲೇ ನಾರ್ತಾ ಇದೀಯ."

ತಲಾತೊ ಅಡ್ಡ ನಿಂತಳು. "ಭಾವಾ, ಗುಂಡಿ ಸುತ್ತಿನ ಏರಿ ಮಣ್ಣು ಮುಟ್ಟಬೇಡಿ. ಅದನ್ನ ಹಾಕೋಕೆ ನಮ್ಮ ಬೆನ್ನು ಬಿದ್ದೋಗಿದೆ. ಹೂಳೋದಾದ್ರೆ ನಿಮ್ಮನೆಯಿಂದ ಏನಾದ್ರೂ ತಂದು ಹೂಳಿ."

ಜನ ನಕ್ಕರು. ಈಗ ನೊಆಗ ಏನೂ ತರದೆ ಹಿಂದಿರುಗಿದರೆ ಸಾಮೋ ಗೆದ್ದಂತೆ.

"ತರ್ತೀನಿ. ಇವನ ಹೆಣಕ್ಕೆ ಸಗಣೀನೇ ಜಾಸ್ತಿ."

ಏಳು ಗಂಟೆಗೆ ಕತ್ತೆಗಾಡಿ ಬಂತು. ಗೊಬ್ಬರ ಕಾಲಿನಿಂದ ಎದೆಯವರೆಗೆ ಬಿದ್ದ ಮೇಲೆ ಝೆರ್ಬೊ ಎದ್ದು, ಅಂಗಿ ಕೊಡವಿಕೊಂಡು, ಪಕ್ಕದ ಗುಂಡಿಗೆ ಹೋಗಿ ಮಲಗಿದ.

"ಇದ್ಯಾರೋ?"

"ನಮ್ಮಣ್ಣ. ಸುದ್ದಿ ಕೇಳಿ ಎದೆ ಒಡ್ಕೊಂಡ."

ಮೂರನೆಯದರಲ್ಲಿ ಚಿಕ್ಕಪ್ಪ, ನಾಲ್ಕನೆಯದರಲ್ಲಿ ಸೋದರತ್ತೆ. ಅತ್ತೆಗಾಗಿ ಝೆರ್ಬೊ ದನಿ ಸಣ್ಣ ಮಾಡಿಕೊಂಡ. ಹತ್ತೊಂಬತ್ತನೆಯದಕ್ಕೆ ನೊಆಗ ಬುಟ್ಟಿ ಇಳಿಸಿ ಬೆವರು ಒರೆಸಿಕೊಂಡ.

"ನಿಮ್ಮ ಮನೇಲಿ ಇನ್ನೆಷ್ಟು ಜನ ಇದೀರೋ?"

"ಇಪ್ಪತ್ಮೂರು."

ನೊಆಗ ಉಳಿದ ಗುಂಡಿಗಳನ್ನು ಕಣ್ಣಲ್ಲೇ ಎಣಿಸಿದ. ಆಮೇಲೆ ತಲಾತೊಳ ಕಡೆ ನೋಡಿದ. ಅವಳು ಕತ್ತೆಯ ಕಿವಿ ಸವರುತ್ತ ನಿಂತಿದ್ದಳು.

"ಇನ್ನೊಂದು ಗಾಡಿ ತನ್ರೋ," ಎಂದ. "ಈ ಮನೆತನಕ್ಕೆ ಸಾಯೋದೊಂದೇ ಕೆಲಸ."

ಸಂಜೆಯೊಳಗೆ ಎಂಟು ಗಾಡಿ ಬಂದವು. ಜೂನ್ ಹನ್ನೊಂದರಂದು ಮೂವತ್ತೆಂಟು ಮಿಲಿಮೀಟರ್ ಮಳೆಯಾಯಿತು. ಅಕ್ಟೋಬರಿನಲ್ಲಿ ತಲಾತೊಳ ಕಣಜ ಕುತ್ತಿಗೆವರೆಗೆ ತುಂಬಿತು.

ಮರುವರ್ಷ ನೊಆಗ ತನ್ನ ಸತ್ತ ನೆಲದಲ್ಲಿ ಇಪ್ಪತ್ತು ಗುಂಡಿ ತೋಡಿಸಿದ. ಝೆರ್ಬೊನ ಮೋಟಾರ್‌ಸೈಕಲ್ ಊರಿಗೆ ಬರುವಷ್ಟರಲ್ಲಿ ಎಲ್ಲದಕ್ಕೂ ಗೊಬ್ಬರ ತುಂಬಿಸಿಯಾಗಿತ್ತು.