ಊದಿದ ಬೆರಳು

"ಕತ್ತರಿಸ್ಲೇನಮ್ಮ?" ಎಂದು ಅಕ್ಕಸಾಲಿಗ ಸಣ್ಣ ಗರಗಸ ಎತ್ತಿಕೊಂಡ. ಅತ್ತೆ ಸೊಸೆಯ ಕೈಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.

"ಸ್ವಲ್ಪ ತಡಿಯಪ್ಪ. ಇನ್ನೊಂದ್ ಸಲ ಸೋಪು ಹಚ್ಚಿ ನೋಡೋಣ."

ಸೋಪು, ಎಣ್ಣೆ, ದಾರ ಎಲ್ಲ ಮುಗಿದಿತ್ತು. ಉಂಗುರ ಅತ್ತೆಯದು, ಅವಳಿಗೆ ಅವಳ ತಾಯಿ ಕೊಟ್ಟದ್ದು. ಮೊನ್ನೆ ಸೊಸೆಗೆ ತೊಡಿಸುವಾಗ "ಜೋಪಾನ" ಎಂದು ಎಷ್ಟು ಸಲ ಹೇಳಿದ್ದಳೆಂದರೆ, ಸೊಸೆ ಹೆದರಿ ಅದನ್ನು ಪ್ರಯೋಗಾಲಯದಲ್ಲೂ ಬಿಚ್ಚಿಡದೆ ಕೈಗವಸಿನೊಳಗೇ ಇಟ್ಟುಕೊಂಡಿದ್ದಳು. ಇವತ್ತು ಇಲಿಗೆ ಚುಚ್ಚುವಾಗ ಸೂಜಿ ಜಾರಿ ಚುಚ್ಚಿದ್ದು ಆ ಬೆರಳಿಗೇ. ಉಂಗುರ ತಕ್ಷಣ ತೆಗೆಯದಿದ್ದರೆ ಬೆರಳಿಗೇ ಸಂಚಕಾರ ಎಂದು ಡಾಕ್ಟರು ಉಂಗುರ ಕತ್ತರಿಸಲು ಹೊರಟರೆ, ಅಕ್ಕಸಾಲಿಗನಾದರೆ ಇಡಿಯಾಗಿ ಬಿಡಿಸುತ್ತಾನೆಂದು ಅತ್ತೆಯೇ ಇಲ್ಲಿಗೆ ಎಳೆದು ತಂದಿದ್ದಳು.

"ಸೂಜೀಲಿ ಕ್ರಿಮಿ ಇತ್ತು ತಾನೆ?"

"ಇಲ್ಲ ಅತ್ತೆ. ಕ್ರಿಮೀನ ಯಾವತ್ತೋ ಕೊಂದಾಗಿದೆ. ಸೂಜೀಲಿದ್ದದ್ದು ಅದರ ಮೈಗೋಡೆಯ ಕೊಬ್ಬು, ಅಷ್ಟೆ."

"ಸತ್ತ ಮೇಲೂ ಇಷ್ಟು ಆಟ ಆಡತ್ತಾ?"

"ಆಟ ಅದರದ್ದಲ್ಲ, ನಮ್ಮ ಮೈದು. ಮೈಯೊಳಗಿನ ಕಾವಲಿನವರಿಗೆ ಆ ಕೊಬ್ಬಿನ ಗುರುತು ಸಿಕ್ಕಿದ್ರೆ ಸಾಕು, ಕಳ್ಳ ಬಂದ ಅಂತ ಕೂಗಿ ಊರೆಲ್ಲ ಸೇರಿಸ್ತಾರೆ. ಆ ನೂಕುನುಗ್ಗಲೇ ಈ ಊತ."

"ನಿಮ್ಮ ಮಾವನ ಥರ. ಹಗ್ಗದ ಮೇಲೆ ಒಣಗ್ತಿದ್ದ ಅವರದೇ ಅಂಗಿ ನೋಡಿ ಬೀದೀನೆಲ್ಲ ಎಬ್ಬಿಸಿದ್ರು."

ಜೊತೆಗೆ ಬಂದಿದ್ದ ಸೊಸೆಯ ಪ್ರೊಫೆಸರು ಅಳತೆಪಟ್ಟಿ ಹಿಡಿದು ಬಗ್ಗಿದರು. "ಶುರುವಿನ ಊತ ನೋಡೋದೇ ಮುಖ್ಯ. ನಮ್ಮ ಇಲಿಗಳು ಇಷ್ಟು ಚೆನ್ನಾಗಿ ಊದಿರ್ಲೇ ಇಲ್ಲ. ಇನ್ನು ಸ್ವಲ್ಪ ಹೊತ್ತು ಬಿಟ್ರೆ..."

"ನಿಮ್ಮ ಬೆರಳು ಕೊಡಿ ಸ್ವಾಮಿ," ಎಂದಳು ಅತ್ತೆ. "ಚುಚ್ಚಿ ಕೊಡ್ತೀನಿ. ಮನೇಲಿ ಕೂತು ಆರಾಮಾಗಿ ಅಳೀರಿ."

ಪ್ರೊಫೆಸರು ಎರಡೂ ಕೈ ಜೇಬಿಗೆ ಸೇರಿಸಿಕೊಂಡರು.

ಅಕ್ಕಸಾಲಿಗ ದಾರ ಸುತ್ತಿ ಮತ್ತೊಮ್ಮೆ ಎಳೆದ. ಉಂಗುರ ಅಲುಗಲಿಲ್ಲ. ಸೊಸೆ ನಗುತ್ತಲೇ ಇದ್ದಳು. "ಅಷ್ಟೇನೂ ನೋವಿಲ್ಲ ಅತ್ತೆ. ಇನ್ನೊಂದ್ ಸಲ ನೋಡೋಣ."

ಅತ್ತೆಗೆ ಆ ನಗು ಹಿಡಿಸಲಿಲ್ಲ. ಬೆರಳಿನ ತುದಿಯನ್ನು ಜೋರಾಗಿ ಚಿವುಟಿದಳು.

"ಈಗ?"

"ಏನು ಈಗ?"

"ಚಿವುಟಿದ್ನಲ್ಲೇ."

ಸೊಸೆ ಬೆರಳು ನೋಡಿದಳು. ನಗು ನಿಂತಿತು. "ಗೊತ್ತಾಗ್ಲಿಲ್ಲ ಅತ್ತೆ."

ಅತ್ತೆ ಅಕ್ಕಸಾಲಿಗನ ಕಡೆ ತಿರುಗಿದಳು. "ನೋಡ್ತಾ ಕೂತಿದ್ದೀಯಲ್ಲಪ್ಪ, ಗರಗಸ ಏನು ಅಂಗಡಿ ಅಲಂಕಾರಕ್ಕಾ?"

"ಅಮ್ಮ, ಇದು ನಿಮ್ಮ ತಾಯಿದು ಅಂದ್ರಿ..."

"ನಮ್ಮಮ್ಮನೇ ಇದ್ದಿದ್ರೆ ಇಷ್ಟೊತ್ತಿಗೆ ನನ್ನ ಕಪಾಳಕ್ಕೆ ಬಿಟ್ಟಿರ್ತಿದ್ಲು. ಕೊಯ್ಯಿ."

ಗರಗಸ ಕಿರುಗುಟ್ಟಿತು. ಅತ್ತೆ ಕಣ್ಣು ಮುಚ್ಚಿಕೊಂಡಳು, ಸೊಸೆಯ ಭುಜ ಮಾತ್ರ ಬಿಡಲಿಲ್ಲ. ಚಿನ್ನ ಬಾಯಿ ಬಿಟ್ಟಾಗ ಅಕ್ಕಸಾಲಿಗ ಉಂಗುರ ಬಿಡಿಸಿ ಅತ್ತೆಯತ್ತ ಚಾಚಿದ. ಅವಳು ನೋಡಲಿಲ್ಲ. ಅವನು ಅದನ್ನು ಹಲಗೆಯ ಮೇಲೆ, ಉದುರಿದ ಹೊಂಬಣ್ಣದ ಪುಡಿಯ ಪಕ್ಕದಲ್ಲಿಟ್ಟ.

ಅತ್ತೆ ಸೊಸೆಯ ಬೆರಳ ತುದಿ ಒತ್ತಿ ಬಿಡುತ್ತಿದ್ದಳು. ಒತ್ತಿದಲ್ಲಿ ಬೆಳ್ಳಗಾಗುತ್ತಿತ್ತು. ಬಿಟ್ಟ ಮೇಲೆ ಮೆಲ್ಲಗೆ ಕೆಂಪು ಬರುತ್ತಿತ್ತು. ಮತ್ತೆ ಒತ್ತುತ್ತಿದ್ದಳು.