ಧನುಶ್ರೀಯ ಎಡಗಾಲು

ನನ್ನ ಮಗಳು ಧನುಶ್ರೀ ಕಾಲು ಮುಂದಾಗಿ ಹುಟ್ಟಿದೋಳು. ಹೆರೋವಾಗ ನನ್ನ ಜೀವ ಹಿಂಡಿಬಿಟ್ಟಳು, ಅದನ್ನ ಯಾರೂ ಕೇಳಲ್ಲ. ಅಂಥ ಮಗು ಎಡಗಾಲಲ್ಲಿ ಒದ್ದರೆ ಸೊಂಟದ ಉಳುಕು ಬಿಡುತ್ತೆ ಅಂತ ನಮ್ಮ ಕಡೆ ನಂಬಿಕೆ. ಶಿಡ್ಲಘಟ್ಟದ ನಮ್ಮ ಬೀದೀಲಿ ಯಾರಿಗೆ ಸೊಂಟ ಹಿಡಿದರೂ ಬೆಳಗಾಗೆದ್ದು ನಮ್ಮ ಬಾಗಿಲಿಗೇ ಬರೋರು. ಇವಳು ನಿದ್ದೆಗಣ್ಣಲ್ಲಿ ಮೆಲ್ಲಗೆ ಒಂದು ಒದೆ ಕೊಟ್ಟು, ಅವರು ತಂದ ಬಾಳೆಹಣ್ಣು ತಿನ್ಕೊಂಡು ಸ್ಕೂಲಿಗೆ ಹೋಗೋಳು. ಬೀದಿಗೆಲ್ಲ ಡಾಕ್ಟ್ರಮ್ಮ. ಅವಳಿಗೂ ಅದೊಂದು ಹೆಮ್ಮೆ.

ನಂದು ರೇಷ್ಮೆ ಬಿಚ್ಚೋ ಕೆಲಸ. ದಿನವೆಲ್ಲ ಬಿಸಿನೀರಿನ ತೊಟ್ಟಿ ಮೇಲೆ ಬಗ್ಗಿ ಗೂಡಿನ ಎಳೆ ಹುಡುಕೋದು. ಮೊದಲು ಸೊಂಟ ಹಿಡೀತು. ಆಮೇಲೆ ಹಾಳಾದ್ದು ಬಲಗಾಲಿಗೆ ಇಳಿದು ಹೆಬ್ಬೆರಳ ತನಕ ಸುಡೋಕೆ ಶುರುವಾಯ್ತು. ಕೂತರೆ ಜಾಸ್ತಿ, ನಡೆದರೆ ಕಮ್ಮಿ, ಕೆಮ್ಮಿದರೆ ಪ್ರಾಣ ಹೋದಂಗೆ. ಚಿಂತಾಮಣೀಲಿ ವೇಣುಗೋಪಾಲ್ ಅಂತ ಫಿಸಿಯೋಥೆರಪಿ ಮಾಡೋರು ಇದಾರೆ ಅಂದ್ರು, ಬಸ್ಸಲ್ಲಿ ನಿಂತ್ಕೊಂಡೇ ಹೋದೆ. ಬೋರಲು ಮಲಗಿ, ಮೊಣಕೈ ಊರಿ ಎದೆ ಎತ್ತೋದು ಹೇಳಿಕೊಟ್ರು. ಕಾಲಿನ ನೋವು ಮೇಲಕ್ಕೆ ಹತ್ತಿ ಸೊಂಟದಲ್ಲಿ ನಿಲ್ಲುತ್ತೆ, ಸೊಂಟ ಮೊದಲಿಗಿಂತ ಜಾಸ್ತಿ ನೋಯುತ್ತೆ, ಹೆದರಿ ಬಿಟ್ಟುಬಿಡಬೇಡಿ, ಅದು ವಾಸಿಯಾಗೋ ದಾರಿ ಅಂದ್ರು. ಕಾಲು ಜೋಮು ಹಿಡಿದರೆ, ಒಂದಕ್ಕೆ ಹೋಗಿದ್ದು ಗೊತ್ತಾಗದೆ ಹೋದರೆ ಮಾತ್ರ ತಕ್ಷಣ ದೊಡ್ಡಾಸ್ಪತ್ರೆಗೆ ಓಡಿ ಅಂತಲೂ ಅಂದ್ರು.

ಅವರು ಹೇಳಿದಂಗೇ ಆಯ್ತು. ನೋವು ಪಾದ ಬಿಡ್ತು, ಮೀನಖಂಡ ಬಿಡ್ತು, ಸೊಂಟ ಮಾತ್ರ ಕುಯ್ದಂಗೆ ನೋಯ್ತಿತ್ತು. ನಾನು ಹಲ್ಲು ಕಚ್ಚಿ ಎದೆ ಎತ್ತುತಾ ಇದ್ರೆ ನಮ್ಮತ್ತೆ ಅಶ್ವತ್ಥಮ್ಮಂದು ಒಂದೇ ಗೊಣಗಾಟ. ಮನೇಲಿ ಡಾಕ್ಟ್ರಮ್ಮನ್ನ ಇಟ್ಕೊಂಡು, ಬಸ್ಸು ಹತ್ತಿ ಹೋಗಿ ನೋವು ಜಾಸ್ತಿ ಮಾಡಿಸ್ಕೊಂಡು ಬಂದೋಳು ಇವಳೊಬ್ಬಳೇ ಅಂತ. ಹೆತ್ತ ತಾಯಿಗೆ ಮಗಳು ಒದೀಬಾರದು ಅಂತ ನಾನು ತಪ್ಪಿಸ್ಕೊಂಡೇ ಬಂದಿದ್ದೆ. ಕೊನೆಗೆ ಧನುನೇ ಮುಖ ಸಣ್ಣ ಮಾಡ್ಕೊಂಡು, ಬೀದಿಗೆಲ್ಲ ವಾಸಿ ಮಾಡ್ತೀನಿ, ನಿನಗೆ ಬೇಡ್ವಾ ಅಂದಳು. ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತೆ. ಹಳೇ ನೋವು, ಓಡಿ ಬಂದು ಜೋರಾಗಿ ಒದಿಯೇ ಅಂತ ಅತ್ತೆ ಹೇಳಿಕೊಟ್ರು. ಮಗು ಹಂಗೇ ಮಾಡ್ತು. ನಾನು ಹೊಸ್ತಿಲ ಮೇಲೆ ಮುಗ್ಗರಿಸಿ ಬಿದ್ದೆ.

ಏನು ಹೇಳ್ಲಿ, ನೋವು ಹೋಗೇಬಿಡ್ತು. ಸೊಂಟದಲ್ಲೂ ಇಲ್ಲ, ಕಾಲಲ್ಲೂ ಇಲ್ಲ. ಅತ್ತೆ ಪಾಯಸ ಮಾಡಿದ್ರು. ಧನು ಕುಣಿದಾಡಿದಳು. ಆ ಸಂಭ್ರಮದಲ್ಲಿ ಪಾದ ಜೋಮು ಹಿಡಿದಿದ್ದನ್ನ ಯಾರು ಕೇಳ್ತಾರೆ? ಮಾರನೇ ದಿನ, ಇವಳು ಸ್ಕೂಲಿಗೆ ಹೋದಮೇಲೆ, ನನ್ನ ಸೀರೆ ಒದ್ದೆಯಾಗಿರೋದನ್ನ ಅತ್ತೆ ತೋರಿಸಿದ್ರು. ನನಗೆ ಗೊತ್ತೇ ಆಗಿರಲಿಲ್ಲ. ಬೆಂಗಳೂರಲ್ಲಿ ಆಪರೇಷನ್ ಆಯ್ತು. ತಡವಾಯ್ತು ಅಂದ್ರು. ಎರಡೂ ಕಾಲಿನ ಸ್ವಾಧೀನ ಹೋಯ್ತು.

ನೋಡೋಕೆ ಬಂದ ವೇಣುಗೋಪಾಲ್ ಹೆಂಗಾಯ್ತಮ್ಮ ಅಂತ ಕೇಳಿದ್ರು. ಧನು ಪಕ್ಕದಲ್ಲೇ ಇದ್ದಳು. ಬಚ್ಚಲಲ್ಲಿ ಜಾರಿದೆ ಅಂದೆ. ಅತ್ತೆ ಕೈಲೂ ಆಣೆ ಹಾಕಿಸಿದ್ದೆ. ನನ್ನ ಕಾಲು ಹೋದ್ರೆ ಹೋಯ್ತು, ಆ ಪಾಪ ಮಗುವಿನ ತಲೆ ಮೇಲೆ ಬರಬಾರದು. ನನಗೆ ಬೇಕಾಗಿದ್ದು ಅಷ್ಟೇ. ಸೊಂಟ ಹಿಡ್ಕೊಂಡು ಬಂದೋರಿಗೆಲ್ಲ ಮಗೂಗೆ ಜ್ವರ, ಪರೀಕ್ಷೆ ಅಂತ ನೆಪ ಹೇಳಿ ಕಳಿಸ್ತಿದ್ದೆ.

ಮೊನ್ನೆ ಬೆಳಗ್ಗೆ ಗಂಗುಲಪ್ಪ ಬಂದ, ಗೂಡಿನ ಮೂಟೆ ಹೊರೋನು. ನೋವು ಕಾಲಿಗೆ ಇಳಿದು ಹೆಬ್ಬೆರಳು ಸುಡ್ತದೆ ಅಂದ. ನನ್ನದೇ ನೋವು ಅದು. ಚಿಂತಾಮಣಿಗೆ ಹೋಗಪ್ಪ ಅಂತ ಬಡ್ಕೊಂಡೆ, ಕಿವಿಗೇ ಹಾಕ್ಕೊಳ್ಳಲಿಲ್ಲ. ಧನು ಬಾಗಿಲಲ್ಲೇ ಸಿಕ್ಕಳಲ್ಲ, ಚೌಕಟ್ಟು ಹಿಡಿದು ನಿಂತುಬಿಟ್ಟ. ಇವಳು ಲಂಗ ಎತ್ತಿಕಟ್ಟಿ, ಓಡಿ ಬರೋಕೆ ಅಂತ ಅಂಗಳದ ತುದಿಗೆ ಹೋದಳು.

"ಒದೀಬೇಡ ಧನು," ಅಂದೆ.

"ಯಾಕಮ್ಮಾ? ಜೋರಾಗಿ ಒದ್ದಿದ್ದಕ್ಕೇ ಅಲ್ವಾ ನಿನ್ನ ನೋವು ಹೋಗಿದ್ದು?"

ಗಂಗುಲಪ್ಪನಿಗೂ ಮೊಲೆ ಕುಡಿಯೋ ಕೂಸು ಇದೆ. ಚಾಪೆ ಬಿಟ್ಟು ಏಳೋಕೆ ನನ್ನಿಂದ ಆಗಲ್ಲ. ಅವಳು ಓಡಿ ಬರ್ತಿದ್ದಳು.

"ಬೇಡ ಕಣೇ, ಅವನೂ ನನ್ನಂಗೇ ಆಗ್ತಾನೆ!"

ಧನು ನಿಂತಳು. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡ್ರು. ಮಗು ಅಜ್ಜೀನ ನೋಡ್ತು, ನನ್ನ ಕಾಲು ನೋಡ್ತು. ಆಮೇಲೆ ಮೆಲ್ಲಗೆ ಕೇಳಿದಳು.

"ನೀನು ಬಚ್ಚಲಲ್ಲಿ ಜಾರಲಿಲ್ವಾ ಅಮ್ಮಾ?"