ಅಂಟು ನೋಡುವ ಬೆರಳು

ಬಾಟಲಿಯ ಮೇಲೆ ಮೀಥೈಲ್ ಮೆಥಾಕ್ರಿಲೇಟ್ ಎಂದು ಬರೆದಿದೆ. ಅಷ್ಟುದ್ದ ಹೇಳುವ ತಾಳ್ಮೆ ನಮ್ಮಲ್ಲಿ ಯಾರಿಗೂ ಇಲ್ಲ. ಕಟ್ಟುಹಲ್ಲು ಮಾಡುವ ನಮ್ಮ ಲ್ಯಾಬಿನಲ್ಲಿ ಅದು ಬರೀ ‘ಲಿಕ್ವಿಡ್’. ನೋಡಲು ನೀರು, ಮುಚ್ಚಳ ತೆಗೆದರೆ ವಾಸನೆ ಸುರ್ರೆಂದು ನೆತ್ತಿಗೇರುತ್ತದೆ. ಬೆಳಕು, ಬಿಸಿ ತಗುಲಿದರೆ ಬಾಟಲಿಯೊಳಗೇ ಗಟ್ಟಿಯಾಗಬಹುದು. ಹಾಗಾಗದಿರಲೆಂದು ಕಂಪನಿಯವರೇ ಅದಕ್ಕೊಂದು ಮದ್ದು ಬೆರೆಸಿ, ಕಂದು ಬಾಟಲಿಯಲ್ಲಿ ತುಂಬಿ ಕಳಿಸುತ್ತಾರೆ. ಬೆಂಕಿ ಕಂಡರಂತೂ ಭಗ್ಗೆನ್ನುತ್ತದೆ. ಆದ್ದರಿಂದ ಮೇಣ ಕರಗಿಸುವ ದೀಪ ಒಂದು ಕೋಣೆಯಲ್ಲಿ, ಇದು ಇನ್ನೊಂದರಲ್ಲಿ. ಇಷ್ಟೆಲ್ಲ ಜೋಪಾನ ಮಾಡುವ ನಾನು ಬೆರಳನ್ನು ಮಾತ್ರ ಅದಕ್ಕೇ ಒಪ್ಪಿಸಿದ್ದೆ.

ವಸಡಿನ ಬಣ್ಣದ ಗುಲಾಬಿ ಪುಡಿಗೆ ಲಿಕ್ವಿಡ್ ಹಾಕಿ ಮುಚ್ಚಿಟ್ಟರೆ ಮೊದಲು ಒದ್ದೆ ಮರಳು, ಆಮೇಲೆ ನೂಲುನೂಲಾದ ಅಂಟು, ಕೊನೆಗೆ ಹಿಟ್ಟಿನ ಮುದ್ದೆ. ಅಂಟು ಬಿಟ್ಟ ಕೂಡಲೇ ಅಚ್ಚಿಗೆ ತುಂಬಬೇಕು. ಬಿಟ್ಟಿತೋ ಇಲ್ಲವೋ ಎಂದು ನಾನು ಬೆರಳಿಂದಲೇ ಮುಟ್ಟಿ ನೋಡುತ್ತಿದ್ದೆ. ಲ್ಯಾಬಿನ ಯಜಮಾನರು ತಂದಿಟ್ಟ ತೆಳು ಗ್ಲೌಸನ್ನು ಲಿಕ್ವಿಡ್ ಲೆಕ್ಕಕ್ಕೇ ಇಡುವುದಿಲ್ಲ, ನಿಮಿಷಗಳಲ್ಲಿ ದಾಟಿಬಿಡುತ್ತದೆ. ಹಾಕಿದರೆಷ್ಟು, ಬಿಟ್ಟರೆಷ್ಟು ಎಂದು ಇಪ್ಪತ್ತಾರು ವರ್ಷ ಹಾಕಲಿಲ್ಲ. ಚಮಚದಿಂದ ಎಳೆದು ನೋಡಿದ್ದರೂ ತಿಳಿಯುತ್ತಿತ್ತು. ಆದರೆ ನನಗೆ ನನ್ನ ಬೆರಳಿನ ಮೇಲೆ ಬಲು ಜಂಬ.

ಹೋದ ವರ್ಷದಿಂದ, ಲಿಕ್ವಿಡ್ ಇಳಿದೂ ಇಳಿದೂ, ಬಲಗೈಯ ಮೂರು ಬೆರಳ ತುದಿಗೆ ಜೋಮು. ಮೊದಮೊದಲು ಬರುತ್ತಿತ್ತು, ಹೋಗುತ್ತಿತ್ತು. ಈಗ ಬಂದದ್ದು ಹೋಗಿಲ್ಲ. ಯಾರಿಗೂ ಹೇಳಲಿಲ್ಲ. ಯಜಮಾನರಿಗೆ ಗೊತ್ತಾದರೆ ಮೇಜಿನಿಂದ ಎಬ್ಬಿಸಿ ಫೋನ್ ಎತ್ತಲು ಕೂರಿಸುತ್ತಾರೆ. ಬೇರೇನೂ ಬಾರದ ನನಗೆ ಆ ಮೇಜೊಂದೇ ಗತಿ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಬೆರಳಿನ ಹಾಗೆ ಒಳಗೂ ಮರಗಟ್ಟಿತ್ತು.

ಅಷ್ಟರಲ್ಲಿ ಅಮ್ಮನ ಹಳೇ ಹಲ್ಲಿನ ಸೆಟ್ಟು ಕೈಜಾರಿ ಬಿದ್ದು ಎರಡು ಹೋಳಾಯಿತು.

“ಊರೋರಿಗೆಲ್ಲ ಹಲ್ಲು ಕಟ್ತೀಯ. ಹೆತ್ತೋಳು ಮಾತ್ರ ಬೊಚ್ಚುಬಾಯಿ ಬಿಟ್ಕೊಂಡು ಕೂತಿರ್ಬೇಕಾ?” ಎಂದಳು.

ಕಟ್ಟಿದೆ. ಗಡಿಯಾರ ನೋಡಿ ಮುದ್ದೆ ತುಂಬಿದೆ, ಬಿಸಿನೀರಲ್ಲಿ ನಿಧಾನವಾಗಿ ಬೇಯಿಸಿದೆ. ಅವಸರಕ್ಕೆ ಕುದಿಸಿದರೆ ಒಳಗೆ ಗುಳ್ಳೆ ಬೀಳುತ್ತದೆ. ಹೊರಮೈಗೆ ಹೊಳಪು ಕೊಟ್ಟೆ. ವಸಡಿನ ಮೇಲೆ ಕೂರುವ ಒಳಮೈಗೆ ಹೊಳಪು ಕೊಡುವಂತಿಲ್ಲ, ಬೆರಳಾಡಿಸಿ ಮುಳ್ಳಿನಂಥದ್ದು ಉಳಿದಿದೆಯೇ ಎಂದು ಹುಡುಕಬೇಕು. ಆಡಿಸಿದೆ. ನುಣ್ಣಗಿತ್ತು. ನನ್ನ ಬೆರಳಿಗೆ ಈಗ ಎಲ್ಲವೂ ನುಣ್ಣಗೇ ಎಂಬುದು ಆಗ ಹೊಳೆಯಲಿಲ್ಲ.

“ಹೇಗಿದೆಯಮ್ಮ?”

“ಭೇಷಾಗಿದೆ ಕಣೇ.”

ನಾಲ್ಕನೇ ದಿನ ಬೆಳಿಗ್ಗೆ ಸೆಟ್ಟು ತೊಳೆಯಲು ಎತ್ತಿಕೊಂಡರೆ ಒಳಮೈಯಲ್ಲಿ ರಕ್ತ. ಅಮ್ಮನ ಬಾಯಿ ತೆರೆಸಿ ನೋಡಿದೆ. ಕೆಳವಸಡಿನಲ್ಲಿ ಅಕ್ಕಿಕಾಳಿನಷ್ಟು ಗಾಯ.

“ನಾಲ್ಕು ದಿನದಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಹೇಳೋಕೆ ಏನಾಗಿತ್ತು ಧಾಡಿ?” ಎಂದು ರೇಗಿದೆ.

“ನೀನೇ ಕೈಯಾಡಿಸಿ ನೋಡಿ ಕೊಟ್ಟಿದ್ದಲ್ವಾ. ಚುಚ್ಚೋ ಹಾಗಿದ್ರೆ ನಿಂಗೆ ಗೊತ್ತಾಗ್ದೇ ಇರುತ್ತಾ? ನನ್ನ ವಸಡೇ ಸರಿಯಿಲ್ಲ ಅಂದ್ಕೊಂಡೆ.”

ಸೆಟ್ಟು ಹಿಡಿದು ಕಿಟಕಿಯ ಬಳಿ ಹೋದೆ. ಬೆರಳಾಡಿಸಿದೆ, ಏನೂ ಸಿಗಲಿಲ್ಲ. ತುಟಿಗೆ ಒತ್ತಿದೆ, ಮುಳ್ಳು ತಕ್ಷಣ ಸಿಕ್ಕಿತು.

“ತುಟೀಲಿ ಯಾಕೆ ನೋಡ್ತಿದೀಯ?” ಅಮ್ಮ ಹಿಂದೆಯೇ ಬಂದು ನಿಂತಿದ್ದಳು.

“ಸುಮ್ನೆ.”

“ಕೊಡು ಇಲ್ಲಿ.” ನಾನು ಬೇಡ ಬೇಡ ಎನ್ನುತ್ತಿದ್ದಂತೆ ಸೆಟ್ಟನ್ನು ಗಾಯದ ಮೇಲೇ ಕೂರಿಸಿಕೊಂಡಳು. ನನ್ನ ಬಲಗೈ ಎಳೆದುಕೊಂಡಳು. “ಆ ಕಡೆ ನೋಡು.”

ಚಿಕ್ಕವಳಿದ್ದಾಗ ಸೂಜಿ ಚುಚ್ಚಿಸುವಾಗಲೂ ಹೀಗೇ ಹೇಳುತ್ತಿದ್ದಳು. ನೋಡಿದೆ. ಎದುರುಮನೆಯ ತಂತಿಯ ಮೇಲೆ ಎರಡು ಅಂಗಿ ಒಣಗುತ್ತಿದ್ದವು. ಅಮ್ಮ ಏನೂ ಮಾಡಿದಂತೆ ಅನ್ನಿಸಲಿಲ್ಲ. ತಿರುಗಿ ನೋಡಿದರೆ ತೋರುಬೆರಳಿನ ತುದಿಯಲ್ಲಿ ನಾನೇ ಜೋಡಿಸಿದ ನಾಲ್ಕು ಹಲ್ಲುಗಳ ಗುರುತು, ಆಳವಾಗಿ, ಕೆಂಪಗೆ.

“ಅಯ್ಯೋ, ನೋವಾಯ್ತಮ್ಮ!” ಎಂದೆ.

ಅಮ್ಮ ಆ ಬೆರಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಳು.

“ಕಚ್ಚಿ ಬಿಟ್ಟು ಎಷ್ಟೊತ್ತಾಯ್ತೇ,” ಎಂದಳು. “ಈಗ ಅಯ್ಯೋ ಅಂತಿದೀಯಲ್ಲೇ.”